ರೊಪ್ಪದ ಮೂಲೆಯ ಬಿಕ್ಕೆ

ಹೊಳಲ್ಕೆರೆ
10 ನವೆಂಬರ್ 2024

ಮಾರಣ್ಣನಿಗೆ, ತಂಗಿ ಅನುಸೂಯಳ ನಮಸ್ಕಾರ.

ಕವರು ಒಡೆದ ಕೂಡಲೇ ಒಳಗಿರುವ ಬಟ್ಟೆ ಚೂರನ್ನು ಬಿಸಾಡಿಬಿಟ್ಟೀಯ ಮತ್ತೆ. ಅದು ಬ್ಲೌಸಿನ ಲೈನಿಂಗ್ ತುಂಡು, ಅದರೊಳಗೆ ಒಂದು ಎಲೆ ಇದೆ. ಫೋನಿರುವಾಗ ಇವಳಿಗೆ ಕಾಗದದ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ಚಿತ್ತಮ್ಮ ಅತ್ತಿಗೆಯ ಮುಂದೆ ಗೊಣಗುತ್ತೀಯ, ಗೊತ್ತು. ಫೋನಿನಲ್ಲಿ ಎಲೆ ಕಳಿಸಲು ಬರುವುದಿಲ್ಲ, ವಾಸನೆಯಂತೂ ಇಲ್ಲವೇ ಇಲ್ಲ. ಅವ್ವನಿಗೆ ಕಣ್ಣು ಮಂಜಾಗಿದೆ, ಫೋಟೋ ತೋರಿಸಿದರೆ ಏನು ಕಂಡೀತು? ಎಲೆಯನ್ನು ಅವಳ ಕೈಗೆ ಕೊಡು. ಉಜ್ಜಿ ಮೂಸಿ ನೋಡಲಿ. ಈ ಕಾಗದವನ್ನೂ ಅವಳ ಮುಂದೆ ಗಟ್ಟಿಯಾಗಿ ಓದು.

ಮೂರು ವರ್ಷದ ಹಿಂದೆ ನಮ್ಮ ಕುರಿ ರೊಪ್ಪದ ಮೂಲೆಯ ಗಿಡದ ಬುಡದಿಂದ ಒಂದು ಮರಿ ಕಿತ್ತು ತಂದಿದ್ದೆನಲ್ಲ, ಹಿತ್ತಿಲಲ್ಲಿ ಅದು ಈಗ ನನ್ನ ಎದೆಯೆತ್ತರ ಬಂದಿದೆ. ಮೊನ್ನೆ ದೇವಿಕಾ ಮೇಡಂ ಬ್ಲೌಸ್ ಅಳತೆಗೆ ಬಂದಿದ್ದರು. ಅವರು ಕಾಲೇಜಿನಲ್ಲಿ ಗಿಡಮರದ ಪಾಠ ಹೇಳುತ್ತಾರೆ. ಅಳತೆ ಕೊಡುವುದು ಬಿಟ್ಟು ಹಿತ್ತಿಲಿಗೆ ನಡೆದರು. ಇದು ಏನು ಗಿಡ ಎಂದು ಕೇಳಿದರು. ಯಾವುದೋ ಕಾರೆ ಇರಬೇಕು ಅಂದೆ. ಕಾರೆಗೆ ಮುಳ್ಳಿರುತ್ತದೆ, ಇದಕ್ಕೆಲ್ಲಿದೆ ಮುಳ್ಳು, ಇದು ಬಿಕ್ಕೆಯ ಜಾತಿ, ಆದರೆ ಬಿಕ್ಕೆಯಲ್ಲೂ ಒಂದೆರಡು ಥರ ಇವೆ, ಹೂ ನೋಡದೆ ನಾನು ಬಾಯಿ ಬಿಡುವುದಿಲ್ಲ ಅಂದರು.

ಹೂ ಅಂದ ಕೂಡಲೇ ನನಗೆ ನಗು ಬಂತು. ನಮ್ಮ ಮನೆಯ ಕಥೆ ಹೇಳಿದೆ. ಅವ್ವ ವರ್ಷ ವರ್ಷ ಹೇಳುತ್ತಾಳಲ್ಲ, ನಾನು ಹುಟ್ಟಿದ ಮಾಘದಲ್ಲಿ ಆ ಗಿಡ ಹೂ ಬಿಟ್ಟಿತ್ತು, ಎಲೆ ಒಂದೂ ಇರಲಿಲ್ಲ, ಬರೀ ಕಡ್ಡಿಯ ಮೇಲೆ ಬೆಳ್ಳಗೆ ಹೂ, ಊರೆಲ್ಲ ಘಮಘಮ ಅಂತ. ಎಲೆ ಇಲ್ಲದೆ ಹೂವಂತೆ ಎಂದು ನಾವು ಎಷ್ಟು ನಕ್ಕಿದ್ದೇವೆ. ನೀನು ಬಸ್ಸು ತಡವಾದರೂ ಅವ್ವನ ಹೂವು, ಸಾಲ ತಗೊಂಡವನು ನಾಳೆ ಕೊಡುತ್ತೇನೆಂದರೂ ಅವ್ವನ ಹೂವು ಅನ್ನುತ್ತಿದ್ದೆ. ಅಣ್ಣ, ದೇವಿಕಾ ಮೇಡಂ ನಗಲಿಲ್ಲ. ಬಿಕ್ಕೆ ಹಾಗೇನೇ, ಚಳಿಗೆ ಎಲೆ ಉದುರಿಸಿ, ಚಳಿ ಮುಗಿಯುವ ಹೊತ್ತಿಗೆ ಬೋಳು ಕೊಂಬೆಯ ಮೇಲೆ ಹೂ ಬಿಡುತ್ತದೆ, ಗಿಡ ಕಾಣುವ ಮೊದಲೇ ಘಮ ಬರುತ್ತದೆ, ನಿಮ್ಮ ತಾಯಿ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ ಅಂದರು.

ನನಗೆ ಆವತ್ತಿನಿಂದ ಮಷೀನಿನ ಮುಂದೆ ಕೂರಲು ಆಗುತ್ತಿಲ್ಲ. ಸಂಕ್ರಾಂತಿ ಆದಮೇಲೆ ಬೀರೇಶನ ಜೆಸಿಬಿ ತರಿಸಿ ಆ ಮೂಲೆ ಸಮ ಮಾಡಿ ಕುರಿಗೆ ಹೊಸ ಶೆಡ್ ಹಾಕುತ್ತೇನೆ ಅಂದಿದ್ದೆಯಲ್ಲ. ಅಣ್ಣ, ನಿನ್ನ ಕಾಲಿಗೆ ಬೀಳುತ್ತೇನೆ, ಒಂದು ಚಳಿಗಾಲ ಗಿಡ ಬಿಡು. ಅವ್ವನನ್ನು ನಾವು ಜೀವಮಾನವೆಲ್ಲ ಸುಳ್ಳಿ ಮಾಡಿಬಿಟ್ಟಿದ್ದೇವೆ. ಅವಳು ಇರುವಾಗಲೇ ಅದು ಹೂ ಬಿಡಬೇಕು.

ನಿನ್ನ ತಂಗಿ
ಅನುಸೂಯ


ಹರಿಯಬ್ಬೆ
19 ನವೆಂಬರ್ 2024

ಅನುಸೂಯಗೆ ಆಶೀರ್ವಾದ.

ನಾನು ಎಸ್ಸೆಸ್ಸೆಲ್ಸಿ ಆದಮೇಲೆ ಕೈಯಲ್ಲಿ ಪೆನ್ನು ಹಿಡಿದಿದ್ದು ಸೊಸೈಟಿಯಲ್ಲಿ ಸಹಿ ಹಾಕಲು ಮಾತ್ರ. ಈಗ ನಿನ್ನಿಂದ ಕಾಗದ ಬರೆಯುವ ಗ್ರಹಚಾರ. ಫೋನು ಮಾಡೋಣವೆಂದರೆ ಅವ್ವ ಬಿಡಲಿಲ್ಲ. ಅವಳು ಕಾಗದ ಹಾಕಿದ್ದಾಳೆ, ನೀನೂ ಕಾಗದವನ್ನೇ ಹಾಕು ಎಂದು ಪಕ್ಕದಲ್ಲೇ ಕೂತಿದ್ದಾಳೆ.

ನಿನ್ನ ಎಲೆ ಬಂತು. ಅವ್ವ ಉಜ್ಜಿದಳು, ಮೂಸಿದಳು, ನಾಲಿಗೆಗೂ ಮುಟ್ಟಿಸಿದಳು. ಆಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಗಿಡ ನಮ್ದೇ. ಆದ್ರೆ ಇವ್ಳು ಇದಕ್ಕೆ ನೀರು ಕುಡಿಸಿ ಕುಡಿಸಿ ಎಮ್ಮೆ ಮಾಡವ್ಳೆ.” ಬಟ್ಟೆ ಒಗೆದ ನೀರೆಲ್ಲ ಅದರ ಬುಡಕ್ಕೇ ಬಿಡುತ್ತೀಯಾ? ನಿಜ ಹೇಳು.

ಹೂವಿನ ವಿಷಯಕ್ಕೆ ಬರೋಣ. ನನ್ನ ಮೀಸೆ ಬೆಳ್ಳಗಾಯಿತು ತಂಗಿ. ಬುದ್ಧಿ ಬಂದಾಗಿಂದ ದಿನಾ ಬೆಳಿಗ್ಗೆ ಕುರಿ ಬಿಡುವುದು ಆ ಗಿಡದ ಪಕ್ಕದಲ್ಲೇ. ಎಲೆ ಉದುರುವುದು ನೋಡಿದ್ದೇನೆ, ಚಿಗುರುವುದು ನೋಡಿದ್ದೇನೆ, ಒಂದು ಮೊಗ್ಗು ನೋಡಿಲ್ಲ. ನಿನ್ನ ಮೇಡಂ ಪುಸ್ತಕದಲ್ಲಿ ಹೂ ಬಿಡುವ ಬಿಕ್ಕೆ ಇರಬಹುದು, ನಮ್ಮದು ಬರಡು. ಕೆಲವು ಗಿಡ ಹಾಗೆ ಇರುತ್ತವೆ. ಅದರ ಕೆಲಸ ಅಂಟು ಕೊಡುವುದು, ಕೊಡುತ್ತಾ ಇದೆ. ಕುರಿಗೆ ಗಾಯ ಆದರೆ ಆ ಅಂಟನ್ನು ಹರಳೆಣ್ಣೆಯಲ್ಲಿ ಕರಗಿಸಿ ಹಚ್ಚಿದರೆ ನೊಣ ಹತ್ತಿರ ಸುಳಿಯುವುದಿಲ್ಲ, ಹುಳ ಬೀಳುವುದಿಲ್ಲ. ಅಷ್ಟು ಸಾಲದೇ?

ಆದರೂ ಅವ್ವನ ಮುಖ ನೋಡಿದೆ. ನಿನ್ನ ಕಾಗದದಲ್ಲಿ ಮೇಡಂ ನಗಲಿಲ್ಲ ಎಂದು ಬರೆದ ಜಾಗವನ್ನು ಮತ್ತೆ ಮತ್ತೆ ಓದಿಸಿದಳು. ಸರಿ, ಶಿವರಾತ್ರಿ ತನಕ ಗಿಡ ಮುಟ್ಟುವುದಿಲ್ಲ. ಬೀರೇಶನಿಗೂ ಹೇಳಿದ್ದೇನೆ. ಶಿವರಾತ್ರಿ ಮಾರನೇ ದಿನ ಜೆಸಿಬಿ ಬರುತ್ತದೆ. ಮಳೆಗೆ ಮೊದಲು ಶೆಡ್ ಏಳಲೇಬೇಕು, ಹೋದ ವರ್ಷದ ಜಡಿಗೆ ಮರಿಗಳು ನೆಂದು ಸತ್ತದ್ದು ನಿನಗೂ ಗೊತ್ತು. ಅಷ್ಟರೊಳಗೆ ಹೂ ಬಿಟ್ಟರೆ ನನ್ನ ಮೀಸೆ ಬೋಳಿಸಿ ನಿನಗೆ ಇದೇ ಥರ ಕವರಿನಲ್ಲಿ ಕಳಿಸುತ್ತೇನೆ.

ಇಂತಿ
ಮಾರಣ್ಣ


ಹೊಳಲ್ಕೆರೆ
22 ಡಿಸೆಂಬರ್ 2024

ಅಣ್ಣ,

ಮೊದಲು ಇದನ್ನು ಓದು, ಆಮೇಲೆ ಕುರಿ ಬಿಡು. ಗಿಡದ ತುದಿಯನ್ನು ಯಾರೂ ಮುಟ್ಟಬೇಡಿ. ನೀನು, ಅತ್ತಿಗೆ, ಊರಿನವರು, ಯಾರೂ.

ಈಗ ನಿಧಾನವಾಗಿ ಹೇಳುತ್ತೇನೆ. ಅವ್ವ ಹೇಳಿದ್ದು ಸರಿ, ಒಗೆದ ನೀರು, ಪಾತ್ರೆ ತೊಳೆದ ನೀರು ಎಲ್ಲ ಅಲ್ಲಿಗೇ ಹೋಗುತ್ತಿತ್ತು. ನಿನ್ನ ಕಾಗದ ಬಂದ ದಿನವೇ ಕಾಲುವೆ ತಿರುಗಿಸಿದೆ. ದೇವಿಕಾ ಮೇಡಂ ಕೂಡ ಅದನ್ನೇ ಅಂದರು, ಇದು ಕಲ್ಲುಗುಡ್ಡದ ಗಿಡ, ಬಾಯಾರಿಕೆ ಆಗದಿದ್ದರೆ ಇದಕ್ಕೆ ಚಳಿಗಾಲ ಬಂದದ್ದೇ ಗೊತ್ತಾಗುವುದಿಲ್ಲ ಎಂದು. ನೀರು ನಿಲ್ಲಿಸಿದ ಮೇಲೆ ಎಲೆ ಹಳದಿ ಆಯಿತು, ಆಮೇಲೆ ಒಂದೊಂದೇ ಉದುರಿ ಗಿಡ ಬೋಳಾಯಿತು. ಪಕ್ಕದ ಮನೆಯ ಅಜ್ಜಪ್ಪ ಬೇಲಿ ಮೇಲಿಂದ ನೋಡಿ, “ಏನಮ್ಮ, ಚೆನ್ನಾಗಿದ್ದ ಗಿಡಾನ ಕೊಂದೇ ಬಿಟ್ಯಲ್ಲ” ಅಂದರು. ಉಗುರಿನಿಂದ ತೊಗಟೆ ಕೆರೆದು ನೋಡಿದೆ, ಒಳಗೆ ಹಸಿರು. ಕುಣಿಯುವಂತಾಯಿತು. ನಮ್ಮ ಮನೆಯವರು ಡ್ಯೂಟಿಯಿಂದ ಬಂದವರು ನನ್ನನ್ನು ನೋಡಿ ಅಡುಗೆ ಆಗಿದೆಯೋ ಇಲ್ಲವೋ ಎಂದು ಕೇಳಿದರು.

ನಿನ್ನೆ ಬೆಳಿಗ್ಗೆ ತುದಿಯಲ್ಲಿ ಸಣ್ಣ ಹಳದಿ ಮಣಿ ಕಂಡಿತು. ಅಂಟು. ಏನು ಮಾಡುತ್ತಿದ್ದೇನೆ ಎಂದು ಯೋಚಿಸುವ ಮೊದಲೇ ಕೈ ಹೋಗಿ ತುದಿಯನ್ನು ಚಿವುಟಿತ್ತು. ಬೆರಳು ಮೂಗಿನ ಹತ್ತಿರ ಬಂತು. ಅಣ್ಣ, ಆ ವಾಸನೆ ಯಾರದು ಹೇಳು? ಚಿಕ್ಕವರಿದ್ದಾಗ ಅವ್ವ ತಲೆ ಬಾಚುವಾಗ, ತುತ್ತು ಕೊಡುವಾಗ, ಜ್ವರ ಬಂದಾಗ ಹಣೆ ಮುಟ್ಟುವಾಗ ಬರುತ್ತಿದ್ದ ವಾಸನೆ. ಚಳಿಗಾಲ ಪೂರ್ತಿ ಅವ್ವನ ಬೆರಳು ಇದೇ ವಾಸನೆ ಹೊಡೆಯುತ್ತಿತ್ತು. ನಾನು ಹಿತ್ತಿಲಲ್ಲೇ ಕೂತುಬಿಟ್ಟೆ.

ಕೂತಾಗ ಹೊಳೆಯಿತು. ಅಂಟು ಬರುವುದು ತುದಿಯ ಮೊಗ್ಗಿನಲ್ಲಿ. ಹೂ ಬರುವುದೂ ಅಲ್ಲೇ. ಮೇಡಂಗೆ ಫೋನು ಮಾಡಿ ಕೇಳಿದೆ, ಹೌದು ಎಂದರು. ಅಂಟಿಗೋಸ್ಕರ ವರ್ಷ ವರ್ಷ ತುದಿಯನ್ನೇ ಚಿವುಟಿದರೆ ಹೂ ಎಲ್ಲಿಂದ ಬರಬೇಕು? ನಮ್ಮ ಗಿಡ ಬರಡಲ್ಲ. ಅದು ಪ್ರತಿ ವರ್ಷ ಹೂ ಬಿಡಲು ಹೊರಟಿದೆ, ನಾವೇ ಅದರ ಬಾಯಿ ಮುಚ್ಚಿದ್ದೇವೆ.

ಚಿವುಟಿದ ತುದಿಯನ್ನು ಲೈನಿಂಗ್ ತುಂಡಿನಲ್ಲಿ ಸುತ್ತಿ ಈ ಕವರಿನಲ್ಲೇ ಇಟ್ಟಿದ್ದೇನೆ. ನೀನೂ ಮೂಸಿ ನೋಡು. ಮೀಸೆಗೆ ಎಣ್ಣೆ ಹಚ್ಚುವುದಿದ್ದರೆ ಈಗಲೇ ಹಚ್ಚಿಕೋ, ಇನ್ನು ಹೆಚ್ಚು ದಿನ ಇರುವುದಿಲ್ಲ.

ಅನುಸೂಯ


ಹರಿಯಬ್ಬೆ
18 ಜನವರಿ 2025

ಅನುಸೂಯ,

ನಿನ್ನ ಕಾಗದ ಓದಿ ನನಗೂ ತಲೆ ಕೆಟ್ಟಿತು, ಸುಳ್ಳು ಯಾಕೆ ಹೇಳಲಿ. ಗಿಡದ ಹತ್ತಿರ ಹೋಗಿ ನೋಡಿದೆ. ಎಲೆಯೆಲ್ಲ ಉದುರಿದೆ, ತುದಿ ತುದಿಗೂ ಅಂಟಿನ ಹನಿ. ಇಷ್ಟು ವರ್ಷ ನೋಡಿದ್ದರೂ ನೋಡಿರಲಿಲ್ಲ. ರೊಪ್ಪದ ಆ ಕಡೆಗೆ ಜಾಲಿ ಮುಳ್ಳು ಎಳೆದು ಬೇಲಿ ಕಟ್ಟಿದೆ. ಚಿತ್ತಮ್ಮ ನಕ್ಕಳು, ಹೆಣ್ಣು ಕಾಯುವ ಹಾಗೆ ಗಿಡ ಕಾಯುತ್ತೀರಲ್ಲ ಎಂದು. ನಗಲಿ ಬಿಡು. ನನಗೆ ಬೆಳಿಗ್ಗೆ ಎದ್ದರೆ ಮೊದಲು ಅದನ್ನು ನೋಡುವುದೇ ಕೆಲಸವಾಗಿತ್ತು.

ಆದರೆ ಅವ್ವನ ರೀತಿ ನನಗೆ ಅರ್ಥವಾಗಲಿಲ್ಲ. ಮೊದಲ ಕಾಗದಕ್ಕೆ ಅಷ್ಟು ಹಿಗ್ಗಿದವಳು, ನಿನ್ನ ಎರಡನೇ ಕಾಗದ ಓದಿ ಮುಗಿಸಿದಾಗ ಎದ್ದು ಒಳಗೆ ಹೋದಳು.

ಸಂಕ್ರಾಂತಿಯ ಮಾರನೇ ದಿನ ದೊಡ್ಡತಿಮ್ಮಪ್ಪ ಹೆಗಲ ಮೇಲೆ ಮರಿ ಹೊತ್ತುಕೊಂಡು ಬಂದ. ನಾಯಿ ಅದರ ತೊಡೆಗೆ ಬಾಯಿ ಹಾಕಿತ್ತು. ಪಕ್ಕದ ಹೊಲದವನು, ಏನಾದರೂ ಆದರೆ ನಮ್ಮ ಮನೆಗೇ ಬರುವುದು. “ಕೆಂಚಕ್ಕ, ಒಂದೀಟು ಬಿಕ್ಕೆ ಅಂಟು ಕೊಡವ್ವ” ಅಂದ. ಅವ್ವ ಆಗಲೇ ಕೋಲು ಊರಿಕೊಂಡು ಗಿಡದ ಕಡೆ ಹೊರಟಿದ್ದಳು. ನಾನು ಅಡ್ಡ ನಿಂತೆ. ಅವಳ ಎದುರು ನಾನು ಹಾಗೆ ನಿಂತದ್ದು ಅದೇ ಮೊದಲು. ಹಿರಿಯೂರಿಗೆ ಹೋಗಿ ಗಾಯಕ್ಕೆ ಹೊಡೆಯುವ ಸ್ಪ್ರೇ ತರುತ್ತೇನೆ, ಅಲ್ಲೀ ತನಕ ಮುಟ್ಟಬೇಡ ಅಂದೆ.

“ಹೂ ನೋಡಕ್ಕೆ ನಾನೊಬ್ಬಳು. ಇದು ಮೂಗಪ್ರಾಣಿ, ಇದಕ್ಕೆ ಕಾಯ್ಕಂಡಿರು ಅಂತ ಹೆಂಗೆ ಹೇಳ್ಲಿ?” ಅಂದಳು ಅವ್ವ.

ನಾನು ಕೇಳಲಿಲ್ಲ. ಬೈಕು ಹತ್ತಿದೆ. ಹಬ್ಬದ ಮಾರನೇ ದಿನವಾದ್ದರಿಂದ ಮೊದಲೆರಡು ಅಂಗಡಿ ಬಾಗಿಲು ಹಾಕಿದ್ದವು, ಬಸ್ ಸ್ಟ್ಯಾಂಡಿನ ಹತ್ತಿರ ಹುಡುಕಿ ತರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಬಂದು ನೋಡಿದರೆ ಮರಿಯ ತೊಡೆಗೆ ಅಂಟು ಹಚ್ಚಿ ಆಗಿದೆ. ದೊಡ್ಡತಿಮ್ಮಪ್ಪ ಚಾ ಕುಡಿಯುತ್ತಿದ್ದಾನೆ. ಅವ್ವ ನನ್ನ ಕಡೆ ನೋಡಲಿಲ್ಲ. ನನ್ನ ಜಾಲಿ ಬೇಲಿಯನ್ನು ಕೋಲಿನಿಂದ ಸರಿಸಿದ್ದಳು. ಗಿಡ ನೋಡಿದೆ, ಎದುರಿಗೆ ಸಿಕ್ಕ ಕಡ್ಡಿಯೆಲ್ಲ ಬೋಳು, ತುದಿಯೇ ಇಲ್ಲ. ಸ್ಪ್ರೇ ಡಬ್ಬಿಯನ್ನು ಗೋಡೆಗೆ ಎಸೆದೆ. ಅವ್ವನ ಮೇಲೆ ಕೂಗಾಡಿದೆ. ಅವಳು ಕೂಗಿಸಿಕೊಂಡಳು, ಅಷ್ಟೆ.

ಮರಿ ಚೆನ್ನಾಗಿದೆ. ತಾಯಿ ಹಾಲು ಕುಡಿಯುತ್ತಿದೆ. ನಾನು ನಂಬದಿದ್ದಾಗ ಆರಾಮಾಗಿದ್ದೆ, ನೀನು ನಂಬಿಸಿ ಕೆಡಿಸಿದೆ.

ಮಾರಣ್ಣ


ಹೊಳಲ್ಕೆರೆ
27 ಜನವರಿ 2025

ಅಣ್ಣ,

ನಿನ್ನ ಕಾಗದ ಓದಿ ಅತ್ತೆ. ಯಾರದೋ ಮದುವೆ ಬ್ಲೌಸಿನ ಮೇಲೆ ಕಣ್ಣೀರು ಬಿದ್ದು ಕಲೆ ಆಯಿತು. ನನ್ನ ಹಿತ್ತಿಲ ಗಿಡವೂ ಕೈ ಕೊಟ್ಟಿತು, ತುದಿಯಲ್ಲಿ ಬರೀ ಎಲೆ ಚಿಗುರು ಬರುತ್ತಿದೆ. ಇನ್ನೂ ಎಳೆಯದು, ಎರಡು ಮೂರು ವರ್ಷ ಕಾಯಬೇಕು ಎಂದರು ಮೇಡಂ. ಅವ್ವನ ಮೇಲೆ ಸಿಟ್ಟು ಬಂತು. ಒಂದು ಸಲ, ಒಂದೇ ಒಂದು ಸಲ ತನಗಾಗಿ ಕೈ ಕಟ್ಟಿ ಕೂರಲು ಇವಳಿಗೆ ಏನು ರೋಗ ಅನ್ನಿಸಿತು.

ಆಮೇಲೆ ಆ ಬ್ಲೌಸನ್ನೇ ತೊಳೆದು, ಒಣಗಿಸಿ, ತೋಳು ಹೊಲಿಯಲು ಕೂತೆ. ತೋಳಿನ ಅಳತೆ ನೋಡುತ್ತಿದ್ದಾಗ ತಟ್ಟನೆ ಎದ್ದು ನಿಂತೆ.

ಅಣ್ಣ, ಗೌರಿ ಹಬ್ಬಕ್ಕೆ ಅವ್ವನಿಗೆ ಕುಬಸ ಹೊಲಿದದ್ದು ನಾನು. ಅವಳ ಬೆನ್ನು ಈಗ ಎಷ್ಟು ಬಾಗಿದೆ ಎಂದರೆ ಹಿಂದಿನ ಉದ್ದ ಮುಂದಿನದಕ್ಕಿಂತ ಜಾಸ್ತಿ ಇಡಬೇಕಾಯಿತು. ಕೈ ಮೇಲೆತ್ತು ಅಂದರೆ ಕಿವಿಯ ಮಟ್ಟಕ್ಕೂ ಬರಲಿಲ್ಲ, ತೋಳು ಹಿಡಿಯದಿರಲಿ ಎಂದು ಕಂಕುಳಲ್ಲಿ ಬಟ್ಟೆ ಸಡಿಲ ಬಿಟ್ಟೆ. ಆ ಬೆನ್ನು, ಆ ತೋಳಿಗೆ ಎಲ್ಲೀ ತನಕ ಎಟುಕೀತು? ನಿನ್ನ ಎದೆಯ ತನಕ. ಅದಕ್ಕಿಂತ ಒಂದು ಗೇಣೂ ಮೇಲಿಲ್ಲ. ಗಿಡ ನಿನಗಿಂತ ಎತ್ತರ ಇದೆ. ಬೇರೆ ವರ್ಷ ಮೇಲಿನ ಕೊಂಬೆಯನ್ನು ಕೊಕ್ಕೆಯಿಂದ ಬಗ್ಗಿಸಿ ಕೊಡುತ್ತಿದ್ದವನು ನೀನು, ಆವತ್ತು ನೀನು ಹಿರಿಯೂರಿನಲ್ಲಿದ್ದೆ.

ನೀನು ಸಿಟ್ಟಿನಲ್ಲಿ ಎದುರಿಗೆ ಸಿಕ್ಕಿದ್ದನ್ನು ನೋಡಿದ್ದೀಯ. ತಲೆ ಎತ್ತಿ ನೋಡಿದ್ದೀಯಾ? ಈಗಲೇ ಹೋಗಿ ನೋಡು. ಫೋನು ಮಾಡಿ ಕೇಳುವ ಧೈರ್ಯ ನನಗಿಲ್ಲ. ಇಲ್ಲ ಅನ್ನುವುದಿದ್ದರೆ ಬರೆಯಲೇ ಬೇಡ, ನಿನ್ನ ಕಾಗದ ಬಂದರೆ ಇದೆ ಎಂದುಕೊಳ್ಳುತ್ತೇನೆ.

ಅನುಸೂಯ


ಹರಿಯಬ್ಬೆ
20 ಫೆಬ್ರವರಿ 2025

ತಂಗಿ ಅನುಸೂಯಗೆ,

ಇಗೋ ಕಾಗದ.

ನಿನ್ನದು ಬಂದ ದಿನವೇ ತಲೆ ಎತ್ತಿ ನೋಡಿದೆ. ನೆತ್ತಿಯ ಕೊಂಬೆಗಳಲ್ಲಿ ತುದಿಗಳು ಹಾಗೇ ಇದ್ದವು. ಆದರೆ ಅಂಟು ಕಂಡರೆ ಆಯಿತೇ, ಹೂ ಆಗಬೇಡವೇ? ಅದಕ್ಕೇ ಇಷ್ಟು ದಿನ ಬರೆಯದೆ ನಿನ್ನನ್ನು ಒದ್ದಾಡಿಸಿದೆ. ಅವ್ವನಿಗೂ ಹೇಳಲಿಲ್ಲ. ಹೇಳಿದರೆ ಯಾರಾದರೂ ಕುರಿ ಹೊತ್ತು ಬಂದಾಗ ನನ್ನ ಕೈಯಲ್ಲೇ ಕೀಳಿಸುತ್ತಾಳೆ ಎಂಬ ಭಯ. ಆ ದಿನಗಳಲ್ಲಿ ಒಂದು ಟಗರಿಗೆ ಕೊಂಬು ಮುರಿಯಿತು. ಸದ್ದಿಲ್ಲದೆ ಗೋಡೆ ಬುಡದಿಂದ ಆ ಸ್ಪ್ರೇ ಡಬ್ಬಿ ಎತ್ತಿ ಹೊಡೆದೆ.

ನಿನ್ನೆ ಬೆಳಿಗ್ಗೆ ಕುರಿ ಬಿಡಲು ರೊಪ್ಪದ ಬಾಗಿಲಿಗೆ ಹೋದೆ. ಕುರಿಯ ರೊಪ್ಪ ಯಾವ ವಾಸನೆ ಇರುತ್ತದೆ ಎಂದು ನಿನಗೆ ಹೇಳಬೇಕಿಲ್ಲ. ನಿನ್ನೆ ಅದು ಇರಲಿಲ್ಲ. ಬಾಗಿಲ ಮೇಲೆ ಕೈ ಇಟ್ಟವನು ಹಾಗೇ ನಿಂತೆ. ಅಷ್ಟು ಒಳ್ಳೆಯ ಘಮ ನಮ್ಮ ಮನೆಗೆ ಎಲ್ಲಿಂದ ಬಂತು ಎಂದು ಮೊದಲು ಬೀದಿ ಕಡೆ ನೋಡಿದೆ. ಆಮೇಲೆ ಮೇಲೆ ನೋಡಿದೆ. ಬೋಳು ಕೊಂಬೆ, ಒಂದೆಲೆ ಇಲ್ಲ, ಅದರ ತುದಿಯಲ್ಲಿ ಬೆಳ್ಳಗೆ, ಅಂಗೈಯಷ್ಟು ಅಗಲ, ಅವ್ವ ಹೇಳಿದ್ದ ಹಾಗೇ. ನಾನು ಏನು ಕೂಗಿದೆನೋ ಗೊತ್ತಿಲ್ಲ, ಚಿತ್ತಮ್ಮ ಹಾವು ಬಂತೆಂದು ದೊಣ್ಣೆ ಹಿಡಿದು ಓಡಿ ಬಂದಳು.

ಅವ್ವ ಹೊಸ್ತಿಲ ಹತ್ತಿರ ಕೂತಿದ್ದಳು. ಯಾರೂ ಹೇಳುವ ಮೊದಲೇ ಎದ್ದು ನಿಂತಿದ್ದಳು, ಕೋಲು ಕೂಡ ಹಿಡಿದಿರಲಿಲ್ಲ. ಕೈ ಹಿಡಿದು ಕರೆತಂದೆ. ಸೊಪ್ಪು ಎಳೆಯುವ ಕೊಕ್ಕೆಯಿಂದ ಕೊಂಬೆ ಬಗ್ಗಿಸಿ ಅವಳ ಮುಖದ ಹತ್ತಿರ ಹಿಡಿದೆ. ಹೂವನ್ನು ಕೀಳಲಿಲ್ಲ, ಬೆರಳಿನಿಂದ ಒಂದೊಂದು ಎಸಳನ್ನೂ ಮುಟ್ಟಿ ನೋಡಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. ಆಮೇಲೆ ನನ್ನನ್ನು ಕೂರಿಸಿ, ಬರಿ ಅಂದಳು. ಅವಳು ಹೇಳಿದ್ದು ಇಷ್ಟು:

“ಅನ್ಸೂಯ, ನೀನು ಹುಟ್ಟಿದ ವರ್ಷ ಊರ ಮಂದೆಯೆಲ್ಲ ಭದ್ರಾ ನಾಲೆ ಗದ್ದೆ ಕಡೀಕೆ ಹೋಗಿತ್ತು, ನಿಮ್ಮಣ್ಣನೂ ಜೊತೆಗೇ ಹೋಗಿದ್ದ. ನಾನು ಒಳಗೆ ಬಾಣಂತಿ ಮಲಗಿದ್ದೆ. ನನ್ನ ಕೈ ಗಿಡದ ತಾವ ಹೋಗ್ಲಿಲ್ಲ. ಅದಕ್ಕೇ ಅದು ಹೂ ಬಿಡ್ತು. ನಮ್ಮತ್ತೆ ಒಂದು ತಂದು ತೊಟ್ಲಿಗೆ ಸಿಗಿಸಿದ್ಲು. ನಂಗೆ ಆವತ್ತೇ ಗೊತ್ತಾಯ್ತು. ಆಮೇಲೆ ವರ್ಷಾ ವರ್ಷಾ ಅಂದ್ಕಂತಿದ್ದೆ, ಈ ಸಲ ಬಿಡಾಣ, ಈ ಸಲ ಚಿವುಟೋದು ಬ್ಯಾಡ ಅಂತ. ಯಾರಾದ್ರೂ ಮರಿ ಹೊತ್ಕಂಡು ಬಂದುಬಿಡೋರು. ಹೂ ಬಿಡ್ತದಾ ಅಂತ ಕೇಳಿ ನೀವು ನಗ್ತಿದ್ರಿ. ಯಾಕೆ ಬಿಡಲ್ಲ ಅಂತ ಒಬ್ರೂ ಕೇಳ್ಲಿಲ್ಲ.”

ಇಲ್ಲಿಗೆ ಅವ್ವನ ಮಾತು ಮುಗಿಯಿತು. ಅವಳಿಗೆ ಗೊತ್ತಿತ್ತು ನೋಡು. ಹೇಳಿದ್ದರೆ ನಾವು ಅವಳ ಕೈ ಹಿಡಿಯುತ್ತಿದ್ದೆವು, ಊರ ಕುರಿಗೆ ಅಂಟು ಸಿಗುತ್ತಿರಲಿಲ್ಲ. ಅದಕ್ಕೆ ಸುಳ್ಳಿ ಅನ್ನಿಸಿಕೊಂಡು ಇದ್ದುಬಿಟ್ಟಳು.

ದೊಡ್ಡತಿಮ್ಮಪ್ಪ ಆ ಮರಿಯನ್ನೇ ಎತ್ತಿಕೊಂಡು ಹೂ ನೋಡಲು ಬಂದಿದ್ದ. ಬೀರೇಶನೂ ಬಂದಿದ್ದ. ಶೆಡ್ಡಿನ ಜಾಗವನ್ನು ಬಾವಿ ಕಡೆಗೆ ಸರಿಸಿ ಗುರುತು ಹಾಕಿ ಹೋದ. ಮೀಸೆ ಬೋಳಿಸಿದ್ದೇನೆ. ಕವರಿನಲ್ಲಿ ಕಳಿಸಲು ಚಿತ್ತಮ್ಮ ಬಿಡಲಿಲ್ಲ, ಅಸಹ್ಯ ಎಂದು ಬೈದಳು. ಅವ್ವ ನನ್ನ ಮೂತಿ ಸವರಿ ನೋಡಿ ನಗುತ್ತಿದ್ದಾಳೆ.

ಇನ್ನೊಂದು. ನೀನು ಕಳಿಸಿದ ಲೈನಿಂಗ್ ತುಂಡುಗಳನ್ನು ಅವ್ವ ಇಟ್ಟುಕೊಂಡಿದ್ದಳು. ಅವನ್ನು ಗಂಟು ಹಾಕಿ, ಗಿಡದ ಸುತ್ತ ನನ್ನ ಎದೆಯ ಮಟ್ಟಕ್ಕೆ ಕಟ್ಟಿಸಿದ್ದಾಳೆ. ಕೆಳಗಿನದು ಕುರಿಗೆ, ಮೇಲಿನದು ಅನ್ಸೂಯಂಗೆ ಎಂದು ಊರಿಗೆಲ್ಲ ಹೇಳಿದ್ದಾಳೆ.

ಕವರಿನಲ್ಲಿ ಒಂದು ಹೂ ಇಟ್ಟಿದ್ದೇನೆ. ನಿನ್ನೆ ಬೆಳ್ಳಗಿದ್ದದ್ದು ಈಗಲೇ ಹಳದಿಗೆ ತಿರುಗುತ್ತಿದೆ, ನಿನ್ನ ಕೈ ಸೇರುವಾಗ ಪೂರ್ತಿ ಹಳದಿ. ದೇವಿಕಾ ಮೇಡಂಗೆ ಇದನ್ನು ಕೊಡು, ಯಾವ ಬಿಕ್ಕೆ ಎಂದು ಹೇಳಲಿ. ಬಿಳಿಯದು ಅಂಚೆಯಲ್ಲಿ ಬರುವುದಿಲ್ಲ. ಮೇಲೆ ಇನ್ನೂ ಮೊಗ್ಗುಗಳಿವೆ, ಅವ್ವ ಬೆಳಿಗ್ಗೆಯಿಂದ ಬಸ್ಸಿನ ಸದ್ದು ಕೇಳಿದಾಗಲೆಲ್ಲ ಬಾಗಿಲ ಕಡೆ ತಿರುಗುತ್ತಿದ್ದಾಳೆ. ಮಷೀನಿಗೆ ಬಟ್ಟೆ ಮುಚ್ಚಿ ಬಸ್ಸು ಹತ್ತು.

ನಿನ್ನ ಬೋಳು ಮೂತಿಯ ಅಣ್ಣ
ಮಾರಣ್ಣ